ಬೆಳ್ಗೊಳದ ಬುಕ್ಕರಾಯ ಶಾಸನ: ಹಕ್ಕು ಮತ್ತು ಕಾವಲು

ಶ್ರವಣಬೆಳ್ಗೊಳದ ಭಂಡಾರಿ ಬಸದಿಯಲ್ಲಿರುವ ಬುಕ್ಕರಾಯನ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಉದಾಹರಿಸುವುದು ವಾಡಿಕೆ. ಶಕವರ್ಷ 1290ರ ಕೀಲಕ ಸಂವತ್ಸರದ ಭಾದ್ರಪದ ಮಾಸದ, ಎಂದರೆ ಕ್ರಿ.ಶ. 1368ರ ಈ ಬರಹದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಭೇದವಿಲ್ಲವೆಂಬ ಮಾತು ಇರುವುದು ನಿಜ. ಆದರೆ ಆ ಒಂದು ಮಾತನ್ನು ಮಾತ್ರ ಎತ್ತಿಕೊಂಡರೆ ಶಾಸನದ ಅರ್ಧ ಭಾಗವನ್ನು ಓದದೆ ಬಿಟ್ಟಂತಾಗುತ್ತದೆ. ಒಂದು ಅಲ್ಪಸಂಖ್ಯಾತ ಸಮುದಾಯದ ಹಕ್ಕು ರಾಜಾಜ್ಞೆಯ ಬಲದಿಂದ ಹೇಗೆ ಸ್ಥಾಪಿತವಾಯಿತು, ಅದಕ್ಕೆ ಆ ಸಮುದಾಯ ಏನನ್ನು ತೆರಬೇಕಾಯಿತು ಎಂಬುದು ಇದರ ಮುಖ್ಯ ವಿಷಯ.

ಪ್ರಕರಣ ಆರಂಭವಾಗುವುದು ಬಿನ್ನಹದಿಂದ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸಮಸ್ತ ನಾಡುಗಳ ಭವ್ಯಜನರು, ‘ಭಕ್ತರು’ ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಅರಸನಿಗೆ ಅರಿಕೆ ಮಾಡುತ್ತಾರೆ. ದೂರು ಬೆಳ್ಗೊಳದ ಒಂದು ಬಸದಿಯದಲ್ಲ, ಒಬ್ಬ ಆಚಾರ್ಯನದೂ ಅಲ್ಲ. ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದ ಶ್ರಾವಕರು ಒಂದಾಗಿ, ಪ್ರಜೆಗಳಾಗಿ ರಾಜನ ಮುಂದೆ ನಿಂತಿದ್ದಾರೆ. ಎದುರು ಪಕ್ಷವೂ ಅಷ್ಟೇ ವಿಸ್ತಾರವಾದದ್ದು. ಕೋವಿಲ್, ತಿರುಮಲೆ, ಪೆರುಮಾಳ್ ಕೋವಿಲ್, ತಿರುನಾರಾಯಣಪುರಗಳ ಆಚಾರ್ಯರು ಮಾತ್ರವಲ್ಲ, ತಿರುಕುಲ ಜಾಂಬವಕುಲಗಳವರನ್ನೂ ಒಳಗೊಂಡ ಹದಿನೆಂಟು ನಾಡಿನ ಶ್ರೀವೈಷ್ಣವರು ಅದರಲ್ಲಿದ್ದಾರೆ. ಅಂತ್ಯಜರೆನಿಸಿಕೊಂಡ ಕುಲಗಳು ಒಂದು ರಾಜಸಮಕ್ಷಮದ ಒಪ್ಪಂದದಲ್ಲಿ ಪಕ್ಷವಾಗಿ ಹೆಸರುಗೊಂಡಿರುವುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ಸಂಗತಿ.

ಬುಕ್ಕರಾಯನು ಜೈನರ ಕೈಹಿಡಿದು ಅದನ್ನು ವೈಷ್ಣವರ ಕೈಯಲ್ಲಿಟ್ಟನೆಂದು ಶಾಸನ ಹೇಳುತ್ತದೆ. ತೀರ್ಪು ನೀಡಿದ ಹಕ್ಕು ಸ್ಪಷ್ಟವಾಗಿದೆ: ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ ಕಲಶವೂ ಪೂರ್ವಮರ್ಯಾದೆಯಂತೆ ಸಲ್ಲತಕ್ಕವು. ಬಸದಿಯ ಗರ್ಭಗೃಹದೊಳಗಿನ ಪೂಜೆಯ ಮಾತು ಇಲ್ಲಿಲ್ಲ. ವಾದ್ಯವೂ ಕಲಶವೂ ನಾಲ್ಕು ಜನರ ನಡುವೆ ಸಲ್ಲುವ ಬಿರುದುಗಳು. ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಒಂದು ಸಮುದಾಯ ತನ್ನ ಮರ್ಯಾದೆಯನ್ನು ಪ್ರಕಟಿಸುವ ಕುರುಹುಗಳು. ಅರಸನು ಇವನ್ನು ಹೊಸದಾಗಿ ದಯಪಾಲಿಸುತ್ತಿಲ್ಲ, ಹಿಂದಿನಿಂದ ನಡೆದುಬಂದದ್ದನ್ನು ಎತ್ತಿಹಿಡಿಯುತ್ತಿದ್ದಾನೆ. ‘ಪೂರ್ವಮರ್ಯಾದೆ’ ಎಂಬ ಒಂದೇ ಪದ ಹಕ್ಕನ್ನು ಅನುಗ್ರಹದಿಂದ ಬೇರ್ಪಡಿಸುತ್ತದೆ.

ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಭಾವಿಸಬೇಕು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಅವರೇ ನೆಡಿಸಬೇಕು. ಆಜ್ಞೆ ಬರಿಯ ಮಾತಾಗಿ ಉಳಿಯಲಿಲ್ಲವೆಂಬುದಕ್ಕೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತ ಇದೇ ಒಪ್ಪಂದದ ಶಾಸನ ಸಾಕ್ಷಿ.

ಇಲ್ಲಿಂದ ಮುಂದಿನ ಭಾಗವನ್ನು ಸಾಮರಸ್ಯದ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಹಗುರವಾಗಿ ದಾಟಿಬಿಡುತ್ತಾರೆ. ತಿರುಮಲೆಯ ತಾತಯ್ಯನು ಸಮಸ್ತ ರಾಜ್ಯದ ಭವ್ಯರ ಅನುಮತದಿಂದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು; ಆ ಹೊನ್ನಿನಲ್ಲಿ ಬೆಳ್ಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಡಬೇಕು; ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸೊದೆಯಿಕ್ಕಿಸಬೇಕು. ಅನ್ಯಾಯಕ್ಕೆ ಒಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊತ್ತರು. ಕಾವಲಿನ ನೇಮಕ ಪ್ರತಿವಾದಿ ಪಕ್ಷದ ಪ್ರಮುಖನ ಕೈಯಲ್ಲಿ ಉಳಿಯಿತು. ಶಾಸನದ ಆರಂಭದ ಶ್ಲೋಕ ಸ್ತುತಿಸುವುದೂ ರಾಮಾನುಜರನ್ನೇ. ಸಮಾನರ ನಡುವಣ ಒಪ್ಪಂದದ ಭಾಷೆಯಲ್ಲಿ ಬರೆದಿದ್ದರೂ ಇದರೊಳಗೆ ಪ್ರಬಲರ ಆಶ್ರಯದಲ್ಲಿ ದುರ್ಬಲರು ಬದುಕುವ ಏರ್ಪಾಡು ಅಡಗಿದೆ. ಹಾಗೆಂದು ಇದನ್ನು ಕೇವಲ ಶರಣಾಗತಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಹಣವೆತ್ತಲು ಜೈನರ ಅನುಮತವನ್ನು ಶಾಸನ ಹೆಸರಿಸಿ ಹೇಳಿದೆ. ವಿನಿಯೋಗವನ್ನೂ ಕಲ್ಲಿನಲ್ಲಿ ಬರೆಯಿಸಿದೆ. ಹಣ ಬೇರೆಡೆಗೆ ಹೋದರೆ ಪ್ರಶ್ನಿಸಲು ಶ್ರಾವಕನ ಕೈಯಲ್ಲಿ ಆಧಾರವಿದೆ. ಆ ಕಾಲದ ರಾಜ್ಯವ್ಯವಸ್ಥೆಯಲ್ಲಿ ಇದು ಅಲ್ಪವೇನಲ್ಲ.

ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ತಪಸ್ವಿಯೇ ಆಗಲಿ ಗ್ರಾಮಣಿಯೇ ಆಗಲಿ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪ. ಜಿನಧರ್ಮದ ರಕ್ಷಣೆಗಾಗಿ ಹಾಕಿದ ಶಾಪ ಇದೆಂಬುದನ್ನು ಗಮನಿಸಬೇಕು: ಶಾಪದ ಪರಿಭಾಷೆ ಅದನ್ನು ಮುರಿಯಬಹುದಾದವರಿಗೆ ಅರ್ಥವಾಗುವಂಥದು.

ಇಷ್ಟೆಲ್ಲ ಬರೆದ ಮೇಲೂ ಕಲ್ಲು ತಾನಾಗಿ ಕಾಯಲಿಲ್ಲವೆಂದು ಶಾಸನಕ್ಕೆ ಸೇರಿಸಿದ ಭಾಗದಿಂದ ತೋರುತ್ತದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಮತ್ತೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಉಭಯ ಸಮಯದವರೂ ಕೂಡಿ ಆ ಸೆಟ್ಟಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.