ಹೆತ್ತವರ ಬೆತ್ತಕ್ಕೆ ಅಡ್ಡ ಬರುವವರು ಯಾರು?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆ ಎಷ್ಟೋ ಮಕ್ಕಳ ಬೆನ್ನಿನ ಮೇಲೆ ಬಾಸುಂಡೆಯಾಗಿ ಮೂಡಿದೆ. ಬಗ್ಗಿಸುವ ಭರದಲ್ಲಿ ಗಿಡವೇ ಮುರಿಯುವಂತಾದರೆ ಆ ಕೈಯನ್ನು ಹಿಡಿಯಬೇಕಾದವರು ಯಾರೆಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಅಂಕ ಕಡಿಮೆ ಬಂದಿತೆಂದು ಹತ್ತು ವರ್ಷದ ಹುಡುಗನನ್ನು ಊಟವಿಲ್ಲದೆ ಮೂಲೆಯಲ್ಲಿ ನಿಲ್ಲಿಸಿರುವುದನ್ನು ಅಕ್ಕನ ಮನೆಗೆ ಬಂದ ತಮ್ಮ ಕಂಡನೆನ್ನಿ. ಮಾತಾಡಿದರೆ ಭಾವನಿಗೆ ಕೋಪ, ಸುಮ್ಮನಿದ್ದರೆ ಮಗುವಿಗೆ ನೋವು. ಇಂದು ಇದು ಒಬ್ಬೊಬ್ಬರೂ ತಾವೇ ಬಗೆಹರಿಸಿಕೊಳ್ಳಬೇಕಾದ ಇಕ್ಕಟ್ಟು. ಆದರೆ ನಮ್ಮ ಹಿಂದಿನ ಸಮಾಜದಲ್ಲಿ ಇದಕ್ಕೆ ಗೊತ್ತಾದ ಏರ್ಪಾಡುಗಳಿದ್ದವು.

ಪ್ರಾಚೀನರು ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿರಲಿಲ್ಲ. ಆದರೆ ಅದಕ್ಕೊಂದು ಎಲ್ಲೆ ಹಾಕಿದ್ದರು. ಶಿಷ್ಯನನ್ನು ಸಾಮಾನ್ಯವಾಗಿ ಹೊಡೆಯದೆಯೇ ತಿದ್ದಬೇಕು, ಬೇರೆ ದಾರಿಯಿಲ್ಲದಿದ್ದರೆ ತೆಳ್ಳನೆಯ ಹಗ್ಗ ಅಥವಾ ಬಿದಿರಿನ ಸೀಳನ್ನು ಮಾತ್ರ ಬಳಸಬೇಕು ಎನ್ನುತ್ತದೆ ಗೌತಮ ಧರ್ಮಸೂತ್ರ. ಬೇರೇನಾದರಿಂದ ಹೊಡೆದ ಗುರುವನ್ನು ರಾಜನೇ ದಂಡಿಸಬೇಕೆಂದೂ ಅದು ವಿಧಿಸುತ್ತದೆ. ಮನುಸ್ಮೃತಿ ಮಗನನ್ನು ಹೊಡೆಯುವ ಅಧಿಕಾರವನ್ನು ತಂದೆಗೆ ಕೊಡುತ್ತದೆ; ಆದರೆ ಏಟು ಬೆನ್ನಿಗೆ ಬೀಳಬೇಕೇ ಹೊರತು ತಲೆಗಲ್ಲ, ಮೀರಿದವನಿಗೆ ಕಳ್ಳನಿಗಾಗುವ ಪಾಪ ತಟ್ಟುತ್ತದೆ ಎಂದು ಎಚ್ಚರಿಸುತ್ತದೆ. ಹೆಂಡತಿ, ದಾಸ, ತಮ್ಮ ಇವರನ್ನೂ ಅದೇ ಸಾಲಿನಲ್ಲಿ ಸೇರಿಸಿರುವ ಈ ನಿಯಮ ಇಂದು ಒಪ್ಪತಕ್ಕದ್ದಲ್ಲ. ಆದರೂ ಒಂದು ಮಾತು ಗಮನಾರ್ಹ: ಮನೆಯ ಯಜಮಾನನ ಕೈಗೂ ಮೇರೆಯುಂಟು, ಅದನ್ನು ಮೀರಿದಾಗ ಹೊರಗಿನವರು ಕೇಳಬಹುದು ಎಂಬ ಭಾವನೆ ನಮಗೆ ಹೊಸದಲ್ಲ.

ಆದರೆ ಊರೂರಲ್ಲಿ ರಾಜ ಬಂದು ಕೇಳುವುದು ಸಾಧ್ಯವಿತ್ತೇ? ಆ ಕೆಲಸವನ್ನು ಮಾಡುತ್ತಿದ್ದುದು ನೆಂಟಸ್ತಿಕೆ. ಕನ್ನಡನಾಡಿನ ಬಹುಪಾಲು ಸಮುದಾಯಗಳಲ್ಲಿ ತಂದೆಯ ಸ್ಥಾನ ಭಯಭಕ್ತಿಯದು, ಸೋದರಮಾವನದು ಸಲಿಗೆಯದು. ಮಗುವಿಗೆ ಕಿವಿ ಚುಚ್ಚುವಾಗ ಕೂರಿಸಿಕೊಳ್ಳುವುದು ಮಾವನ ತೊಡೆಯ ಮೇಲೆ. ಮದುವೆಯಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವನೂ ಅವನೇ. ಎಂ. ಎನ್. ಶ್ರೀನಿವಾಸ್ 1942ರಲ್ಲಿ ಪ್ರಕಟಿಸಿದ ಮೈಸೂರಿನ ಮದುವೆ ಮತ್ತು ಕುಟುಂಬ ಕುರಿತ ಗ್ರಂಥದಲ್ಲಿ ವಿವರಿಸಿರುವಂತೆ, ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿಯೂ ಇಲ್ಲಿ ವ್ಯಾಪಕವಾಗಿತ್ತು. ಹೀಗಾಗಿ ಅಕ್ಕನ ಮಕ್ಕಳ ಯೋಗಕ್ಷೇಮ ಮಾವನಿಗೆ ‘ಬೇರೆಯವರ ಮನೆಯ ವಿಷಯ’ ಆಗಿರಲೇ ಇಲ್ಲ. ‘ಮಾವ ಬಂದ’ ಎಂಬ ಮಾತಿಗೇ ಏಟು ತಪ್ಪುತ್ತಿತ್ತು. ಅಪ್ಪ ಬೈದ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಅಜ್ಜಿಯೂ ಇದೇ ಏರ್ಪಾಡಿನ ಇನ್ನೊಂದು ಮುಖ.

ಇದು ನಮ್ಮಲ್ಲಿ ಮಾತ್ರ ಇದ್ದ ಸಂಗತಿಯಲ್ಲ. ದಕ್ಷಿಣ ಆಫ್ರಿಕದ ಬುಡಕಟ್ಟುಗಳ ಸೋದರಮಾವನ ಬಗೆಗೆ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ 1924ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದುದು. ಎಲ್ಲಿ ಅಧಿಕಾರ ತಂದೆಯ ಕೈಯಲ್ಲಿದೆಯೋ ಅಲ್ಲಿ ಮಾವ ಮೃದು. ಎಲ್ಲಿ ಮಾವನ ಕೈಯಲ್ಲಿದೆಯೋ ಅಲ್ಲಿ ತಂದೆ ಮೃದು ಎಂಬುದು ಅವರ ವಾದದ ತಿರುಳು. ಇದಕ್ಕೆ ಉದಾಹರಣೆ ಹುಡುಕಿ ಆಫ್ರಿಕಕ್ಕೆ ಹೋಗಬೇಕಿಲ್ಲ, ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ನೋಡಿದರೆ ಸಾಕು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಲ್ಲಿನ ಕುಟುಂಬಗಳಲ್ಲಿ ಯಜಮಾನಿಕೆ ಹೆಚ್ಚಾಗಿ ಸೋದರಮಾವನದಾಗಿತ್ತು. ಮಕ್ಕಳು ಅಂಜುತ್ತಿದ್ದುದೂ ಅವನಿಗೇ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಇಂಥ ಕುಟುಂಬಗಳ ಆಸ್ತಿಯ ನಿಯಮಗಳನ್ನು ಕ್ರಮಪಡಿಸಿತು. ಘಟ್ಟದ ಮೇಲೊಂದು ಬಗೆ, ಕೆಳಗೊಂದು ಬಗೆ. ಎರಡೂ ಕಡೆ ಮಗುವಿಗೆ ಅಂಜಲು ಒಬ್ಬ ಹಿರಿಯ, ಅಳಲು ಇನ್ನೊಬ್ಬ ಹಿರಿಯ ಇರುತ್ತಿದ್ದ.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಕೂರುವಂತಿಲ್ಲ. ನೆಂಟರೆಲ್ಲ ಮಗುವಿನ ಪರವಾಗಿಯೇ ನಿಲ್ಲುತ್ತಾರೆಂಬ ಭರವಸೆ ಪುರಾಣದಲ್ಲೂ ಇಲ್ಲ. ಬಯಲಾಟದಿಂದ ಹಿಡಿದು 1983ರಲ್ಲಿ ರಾಜ್‌ಕುಮಾರ್ ಮತ್ತು ಬಾಲನಟ ಪುನೀತ್ ಅಭಿನಯಿಸಿದ ಚಲನಚಿತ್ರದವರೆಗೆ ಕನ್ನಡಿಗರು ಮತ್ತೆ ಮತ್ತೆ ನೋಡಿದ ಪ್ರಹ್ಲಾದನ ಕಥೆ, ತಂದೆಯ ಹಟ ಮೇರೆ ಮೀರಿದ ಕಥೆಯೂ ಹೌದು. ಹೋಳಿಯ ಐತಿಹ್ಯದಲ್ಲಿ ಆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಂಕಿಯಲ್ಲಿ ಕುಳಿತವಳು ಹೋಲಿಕೆ, ಅಂದರೆ ಸ್ವಂತ ಸೋದರತ್ತೆ. ಅಣ್ಣನ ಮಾತಿಗೆ ಎದುರಾಡದ ತಂಗಿ ಅವಳು. ಕೂಲಿಮಠದಲ್ಲಂತೂ ಹುಡುಗನನ್ನು ಸೂರಿಗೆ ಕಟ್ಟಿದ ಹಗ್ಗದಲ್ಲಿ ಜೋತಾಡಿಸುವ ‘ಕೋದಂಡ’ದ ಶಿಕ್ಷೆಯಿತ್ತು. ಅದನ್ನು ಊರಿನ ಹಿರಿಯರೆಲ್ಲ ಬಲ್ಲರು. ವಿದ್ಯೆಗೆ ತೆರಬೇಕಾದ ಬೆಲೆಯೆಂದೇ ತಿಳಿದಿದ್ದರು.

ಬ್ರಿಟಿಷರ ಕಾಲದ ಕಾನೂನಿನ ನಿಲುವು ಎರಡು ಬಗೆಯದಾಗಿತ್ತು. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಸದ್ಭಾವದಿಂದ ಮಾಡಿದ ಕೃತ್ಯಕ್ಕೆ 1860ರ ದಂಡಸಂಹಿತೆ, ಕೆಲವು ಮಿತಿಗಳೊಡನೆ, ರಕ್ಷಣೆ ನೀಡಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಇನ್ನೊಂದೆಡೆ, 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆ ಮಗುವಿನ ಹಿತವನ್ನು ಮುಂದಿಟ್ಟಿತು. ಪೋಷಕರ ನೇಮಕಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಲ್ಲವರ ಪಟ್ಟಿಯಲ್ಲಿ ಮಗುವಿನ ‘ಬಂಧು ಅಥವಾ ಮಿತ್ರ’ನನ್ನೂ ಅದು ಸೇರಿಸಿತು. ಅಡ್ಡ ಬರುವ ನೆಂಟನಿಗೆ ಕಾನೂನು ಕೂಡ ಒಂದು ಸ್ಥಾನ ಕೊಟ್ಟಿತೆಂದೇ ಹೇಳಬೇಕು.

ಮುಂದೆ 1979ರಲ್ಲಿ ಸ್ವೀಡನ್, ತಂದೆತಾಯಿಯರೂ ಮಕ್ಕಳನ್ನು ಹೊಡೆಯಬಾರದೆಂದು ಶಾಸನ ಮಾಡಿದ ಮೊದಲ ದೇಶವಾಯಿತು. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಅದು ಮನೆಯ ಹೊಸ್ತಿಲು ದಾಟಲಿಲ್ಲ. 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮು, ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ದೈಹಿಕ, ಮಾನಸಿಕ ಯಾತನೆಯಾಗುವಂತೆ ಹಿಂಸಿಸಿದರೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಕ್ರೌರ್ಯಕ್ಕೆ ಕಾನೂನುಂಟು. ಅತಿಯಾದ ಕಟ್ಟುನಿಟ್ಟಿಗೆ, ಅಂದರೆ ಆಟವಿಲ್ಲ, ಗೆಳೆಯರಿಲ್ಲ, ತೊಂಬತ್ತಕ್ಕಿಂತ ಕಡಿಮೆ ಅಂಕಕ್ಕೆ ಮಾತೂ ಇಲ್ಲ ಎಂಬ ಶಿಸ್ತಿಗೆ, ಕಾನೂನಿಲ್ಲ. ಅಲ್ಲಿ ಉಳಿದಿರುವುದು ನೆಂಟಸ್ತಿಕೆ ಮಾತ್ರ.

ಆ ನೆಂಟಸ್ತಿಕೆಯೇ ಇಂದು ತೆಳುವಾಗಿದೆ. ಬೆಂಗಳೂರಿನ ವಾಯವ್ಯ ಅಂಚಿನಲ್ಲಿ, ಹೆಸರಘಟ್ಟದ ದಾರಿಯಲ್ಲಿರುವ ಚಿಕ್ಕಬಾಣಾವರವನ್ನೇ ನೋಡಬಹುದು. ಕೆರೆಯ ಮಗ್ಗುಲಿನ ಈ ಹಳ್ಳಿಯನ್ನು ಕಾಲೇಜುಗಳೂ ಬಡಾವಣೆಗಳೂ ಸುತ್ತುವರಿದಿವೆ. 2017ರಲ್ಲಿ ಆರಂಭವಾದ ಹಾಸನದ ಹೊಸ ರೈಲುಮಾರ್ಗ ಇಲ್ಲಿಂದಲೇ ಕವಲೊಡೆಯುತ್ತದೆ. ಜಗಲಿಗೆ ಜಗಲಿ ತಾಗಿದ ಹಳ್ಳಿಯ ಬೀದಿಯಲ್ಲಿ ಮಗು ಅತ್ತರೆ ನಾಲ್ಕು ಮನೆಗೆ ಕೇಳುತ್ತದೆ, ‘ಯಾಕವ್ವ ಹಂಗೆ ಹೊಡೀತೀಯ’ ಎಂದು ಕೇಳುವ ಮುದುಕಿಯೊಬ್ಬಳು ಇರುತ್ತಾಳೆ. ಬೇರೆ ಜಿಲ್ಲೆಗಳಿಂದ ಬಂದು ಬಡಾವಣೆಗಳಲ್ಲಿ ನೆಲೆಸಿದ ಸಣ್ಣ ಸಂಸಾರಗಳ ಅಜ್ಜಿ ಊರಲ್ಲಿ, ಮಾವ ಫೋನಿನಲ್ಲಿ. ತಂದೆತಾಯಿಯರ ಅಧಿಕಾರ ಹೆಚ್ಚಾಯಿತೆನ್ನುವುದಕ್ಕಿಂತ, ಅದನ್ನು ತಗ್ಗಿಸುತ್ತಿದ್ದ ಪಕ್ಕದ ಕೈಗಳು ಇಲ್ಲವಾದವೆನ್ನುವುದೇ ಸರಿ.

ಆದ್ದರಿಂದ ಹಿಂದೆ ಪದವಿಯಿಂದಲೇ ಬರುತ್ತಿದ್ದ ಮಾತನ್ನು ಇಂದು ವಿವೇಚನೆಯಿಂದ ಆಡಬೇಕಾಗಿದೆ. ಮೈಮೇಲೆ ಗಾಯ, ಉಪವಾಸ, ಕೂಡಿಹಾಕುವುದು, ಮಗುವಿನ ಬಾಯಲ್ಲಿ ಸಾಯುವ ಮಾತು: ಇವು ಕಂಡರೆ ಮನೆಯ ಮಾನ ನೋಡುತ್ತ ಕೂರುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕಾಗಿಯೇ. ಉಳಿದ ಕಟ್ಟುನಿಟ್ಟಿಗೆ ಹಳೆಯ ಮಾವಂದಿರ ರೀತಿಯೇ ವಾಸಿ. ಅವರು ಮಗುವಿನೆದುರು ಭಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಹುಡುಗನನ್ನು ರಜೆಗೆ ತಮ್ಮೂರಿಗೆ ಕರೆದೊಯ್ಯುತ್ತಿದ್ದರು, ಅಕ್ಕನೊಡನೆ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ಭಾವ ಮೈದುನರ ಜಗಳಕ್ಕೂ ಸಲ್ಲುತ್ತದೆ. ಹಟದಿಂದ ಆಡಿದ ಒಂದು ಮಾತಿಗೆ ಬಾಗಿಲು ಮುಚ್ಚಿದರೆ, ಆ ಮನೆಯೊಳಗೆ ಮಗುವಿನ ಅಳಲು ಕೇಳುವ ಕೊನೆಯ ಕಿವಿಯೂ ಹೊರಗುಳಿಯುತ್ತದೆ. ಹಾಗೆಂದು ಏನೂ ಹೇಳದೆ ಉಂಡು ಕೈತೊಳೆದು ಹೊರಟರೆ, ನಡೆದದ್ದೆಲ್ಲ ಸರಿಯೆಂದು ಹಿರಿಯರೆಲ್ಲ ಒಪ್ಪಿದ್ದಾರೆಂದೇ ಮೂಲೆಯಲ್ಲಿ ನಿಂತ ಮಗು ತಿಳಿಯುತ್ತದೆ.