ಎದೆಯ ಅಳತೆ, ತಲೆಯ ಅಳತೆ

2025ರ ಬೇಸಗೆ ಆಗತಾನೆ ಕಾಲಿಟ್ಟಿತ್ತು. ನಂದಿದುರ್ಗ ಗಣಿಯ ಲೈನಿನಲ್ಲಿ ಬೆಳೆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಸೈನ್ಯದ ಅಗ್ನಿವೀರ ಪರೀಕ್ಷೆಗೆ ಅರ್ಜಿ ತುಂಬಬೇಕು. ಆ ವರ್ಷ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದೆಂದು ಸಾರಿದ್ದರು. ಕನ್ನಡವೂ ಅದರಲ್ಲಿ ಸೇರಿತ್ತು. “ಯಾವುದಕ್ಕೆ ಗುರುತು ಹಾಕಲಿ, ಸಾರ್?” ಎಂದು ಕೇಳಿದ. ಮನೆಮಾತು ತಮಿಳು, ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡದಲ್ಲಿ, ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲಿ. ಚಿನ್ನದ ಗಣಿಯ ಊರಿನಲ್ಲಿ ಇಂಥವರು ಮನೆಮನೆಗೂ ಉಂಟು.

ಪ್ರಶ್ನೆ ಸಣ್ಣದಾಗಿ ಕಂಡಿತು. ಆಮೇಲೆ ಯೋಚಿಸಿದರೆ ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ಅವನ ತಾತ ನಂದಿದುರ್ಗದ ಸುರಂಗಕ್ಕೆ ಇಳಿಯುತ್ತಿದ್ದವರು. ಆ ಕಾಲದ ಗಣಿಯಲ್ಲಿ ಯಾರಿಗೆ ಯಾವ ಕೆಲಸ ಎಂಬುದಕ್ಕೆ ಪರೀಕ್ಷೆಯೇ ಬೇಕಿರಲಿಲ್ಲ. ಮೇಲಿನ ಹುದ್ದೆಗಳು ಬಿಳಿಯರಿಗೆ, ನಡುವಿನವು ಬಹುಮಟ್ಟಿಗೆ ಆಂಗ್ಲೋ-ಇಂಡಿಯನ್ನರಿಗೆ, ಕತ್ತಲೆಯ ದುಡಿಮೆ ಹೆಚ್ಚಾಗಿ ತಮಿಳು ಸೀಮೆಯಿಂದ ಬಂದ ದಲಿತರಿಗೆ. ಹುಟ್ಟೇ ಅಂಕಪಟ್ಟಿ!

ಸೈನ್ಯದ ಕಥೆಯೂ ಹೀಗೆಯೇ. 1881ರಿಂದ 1885ರವರೆಗೆ ಮದ್ರಾಸ್ ಸೈನ್ಯದ ದಂಡನಾಯಕನಾಗಿದ್ದ ರಾಬರ್ಟ್ಸ್, ದಕ್ಷಿಣದವರು ಯುದ್ಧಕ್ಕೆ ತಕ್ಕವರಲ್ಲವೆಂದು ನಂಬಿದ್ದವನು. ಮುಂದೆ ಇಡೀ ಭಾರತದ ಸೇನಾಧಿಪತಿಯಾದಾಗ ಆ ನಂಬಿಕೆಯೇ ನೀತಿಯಾಯಿತು. ಮದ್ರಾಸಿನ ಪದಾತಿ ದಳಗಳು ಒಂದೊಂದಾಗಿ ಕರಗಿದವು. ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ಮಾತ್ರ ಉಳಿದುಕೊಂಡಿತು. ಸೇತುವೆ ಕಟ್ಟುವವನನ್ನು ಜಾತಿ ನೋಡಿ ಕಳುಹಿಸಿಬಿಟ್ಟರೆ ಸೇತುವೆ ಕಟ್ಟುವವರು ಯಾರು? ಎರಡನೆಯ ಮಹಾಯುದ್ಧ ಬಂದಾಗ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಬೇಕಾಯಿತು.

ಹುಟ್ಟಿನ ಬದಲು ಬುದ್ಧಿಯನ್ನು ಅಳೆಯೋಣ ಎಂದು ಹೊರಟವರು ಅಮೆರಿಕದವರು. 1917ರಲ್ಲಿ ಅವರು ಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕಸ್ ಎಂಬ ಮನಶ್ಶಾಸ್ತ್ರಜ್ಞನ ಮುಂದಾಳುತನದಲ್ಲಿ ಸುಮಾರು 17 ಲಕ್ಷ ಜನರಿಗೆ ಪರೀಕ್ಷೆ ನಡೆಯಿತು. ಇಂಗ್ಲಿಷ್ ಓದಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೆ ಚಿತ್ರಗಳ ‘ಬೀಟಾ’. ‘ಎ’ ಯಿಂದ ‘ಇ’ ವರೆಗೆ ದರ್ಜೆ. ಅಧಿಕಾರಿಯಾಗಲು ಯಾರು ಯೋಗ್ಯರು, ಬರಿಯ ಮೈದುಡಿಮೆಗೆ ಯಾರು ಎಂದು ಅದರಿಂದ ಸೂಚನೆ. ಆದರೆ ಪ್ರಶ್ನೆಗಳು ಎಂಥವು? ಬೇಸ್‌ಬಾಲ್ ಆಟಗಾರನ ಹೆಸರು, ಅಂಗಡಿಯ ಸರಕಿನ ಹೆಸರು. ಚಿತ್ರದ ಪರೀಕ್ಷೆಯಲ್ಲಿ ಬಲೆಯಿಲ್ಲದ ಟೆನಿಸ್ ಅಂಗಳ. ಇಲ್ಲಿ ಏನು ಕಾಣೆಯಾಗಿದೆ, ಹೇಳಿ! ನಮ್ಮ ಗಣಿಯ ಕ್ಲಬ್ಬನ್ನು ಬೇಲಿಯಾಚೆಯಿಂದ ನೋಡಿದ್ದ ಕೂಲಿಗೆ ಆ ಪ್ರಶ್ನೆ ಕೊಟ್ಟಿದ್ದರೆ ಅವನಿಗೆ ದಕ್ಕುತ್ತಿದ್ದ ದರ್ಜೆ ಯಾವುದೆಂದು ವಾಚಕರೇ ಊಹಿಸಿಕೊಳ್ಳಬಹುದು. ದಕ್ಷಿಣ ಮತ್ತು ಪೂರ್ವ ಯೂರೋಪಿನಿಂದ ಹೊಸದಾಗಿ ಬಂದವರಿಗೆ ಕಡಿಮೆ ಅಂಕ ಬಂತು. ಅದನ್ನೇ ಹಿಡಿದು ಅವರ ಕುಲವೇ ಮಂದಬುದ್ಧಿಯದೆಂದು ಕಾರ್ಲ್ ಬ್ರಿಗಮ್ 1923ರಲ್ಲಿ ಪುಸ್ತಕ ಬರೆದ. 1930ರಲ್ಲಿ ತಾನೇ ಆ ಮಾತನ್ನು ಹಿಂದೆಗೆದುಕೊಂಡ. ಭಾಷೆಯ ಪರಿಚಯವನ್ನು ಅಳೆದು ಬುದ್ಧಿಯನ್ನು ಅಳೆದೆವೆಂದುಕೊಂಡಿದ್ದರು.

ನಮ್ಮಲ್ಲಿ ಬಹುಕಾಲ ಸಿಪಾಯಿಗೆ ಓಟ, ಎತ್ತರ, ಎದೆಯಳತೆ ಮೊದಲು, ಬರವಣಿಗೆ ಆಮೇಲೆ. 2023ರಲ್ಲಿ ಈ ಕ್ರಮ ತಿರುಗಿತು. ಈಗ ಕಂಪ್ಯೂಟರ್ ಮುಂದಿನ ಪರೀಕ್ಷೆಯಲ್ಲಿ ಗೆದ್ದವನಿಗೆ ಮಾತ್ರ ಮೈದಾನ. ಜನರಲ್ ಡ್ಯೂಟಿಗೆ ಹತ್ತನೆಯ ತರಗತಿ ಸಾಕು; ಟೆಕ್ನಿಕಲ್ ವಿಭಾಗಕ್ಕೆ ಭೌತ, ರಸಾಯನ, ಗಣಿತ ಓದಿದ ಪಿಯುಸಿ ಒಂದು ದಾರಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಹಾಗಾಗಿ ಒಂದು ಪದ ತಡವಾಗಿ ಹೊಳೆದರೂ ನಷ್ಟವೇ.

ನನ್ನ ಹುಡುಗನಿಗೆ ಟೆಕ್ನಿಕಲ್ ಮೇಲೆ ಕಣ್ಣು. ತಾತನ ಗಣಿ 2001ರಲ್ಲಿ ಮುಚ್ಚಿತು. ಅಪ್ಪ ಬಂಗಾರಪೇಟೆಯ ದಾರಿಯಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾನೆ. ಯಂತ್ರದ ಕೆಲಸ ಕಲಿತರೆ ನಾಲ್ಕು ವರ್ಷ ಕಳೆದು ಹೊರಬಂದರೂ ಕೈಯಲ್ಲಿ ಕಸುಬಿರುತ್ತದೆ ಎಂಬುದು ಅವನ ಲೆಕ್ಕ. ನಾನು “ಸಂವೇಗ ಎಂದರೇನಪ್ಪ?” ಎಂದೆ. ಸ್ವಲ್ಪ ಹೊತ್ತು ನಿಂತ. “ಮೊಮೆಂಟಮ್” ಎಂದೊಡನೆ ವ್ಯಾಖ್ಯೆಯನ್ನು ಗಡಗಡ ಒಪ್ಪಿಸಿದ.

ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನಾನು, ಕನ್ನಡಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಕ್ಕ ವರ್ಷವೇ, ಇಂಗ್ಲಿಷಿಗೆ ಗುರುತು ಹಾಕೆಂದು ಅವನಿಗೆ ಹೇಳಬೇಕಾಗಿ ಬಂತು. ಅವನು ಕೂಡಲೇ ಒಪ್ಪಲಿಲ್ಲ. ಎರಡು ದಿನ ನೋಡುತ್ತೇನೆ ಎಂದು ನನ್ನ ಕಪಾಟಿನಲ್ಲಿದ್ದ ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋದ.