ಅಂಗಳದಲ್ಲಿ ಸೀತಾ ಅಶೋಕ: ನಿಜವಾದ ಗಿಡ ಯಾವುದು, ಬೆಳೆಸುವುದು ಹೇಗೆ?

ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಗಡಿನಾಡಿನ ಯಾವ ಊರಿಗೆ ಹೋದರೂ ಶಾಲೆಯ ಆವರಣದಲ್ಲಿ, ಹೊಸ ಮನೆಗಳ ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನೆಟ್ಟಗೆ ನಿಂತ ಹಸಿರು ಮರಗಳ ಸಾಲು ಕಾಣಸಿಗುತ್ತದೆ. ಯಾವ ಮರವೆಂದು ಕೇಳಿದರೆ 'ಅಶೋಕ' ಎಂಬ ಉತ್ತರ ಬರುತ್ತದೆ. ಸೀತೆ ಕುಳಿತಿದ್ದ ಅಶೋಕವನದ ಮರ ಇದೇ ಎಂದು ನಂಬಿ ನೆಟ್ಟವರೂ ಇದ್ದಾರೆ. ಆದರೆ ಅದು ಅಶೋಕವಲ್ಲ. ಕಾವ್ಯ, ಪುರಾಣ ಮತ್ತು ಆಯುರ್ವೇದದಲ್ಲಿ ಹೆಸರಾದ ಅಶೋಕವೇ ಬೇರೆ. ಕೆಂಪು ಹೂಗೊಂಚಲು ಬಿಡುವ ಆ ಪುಟ್ಟ ಮರ ಕಾಡಿನಲ್ಲಿ ಕಡಿಮೆಯಾಗುತ್ತಿದೆ, ಮನೆಯಂಗಳದಲ್ಲಿ ಅಪರೂಪವಾಗಿದೆ.

ಎರಡು ಮರ, ಒಂದೇ ಹೆಸರು

ನಿಜವಾದ ಅಶೋಕದ ಸಸ್ಯಶಾಸ್ತ್ರೀಯ ಹೆಸರು ಸರಾಕಾ ಅಸೋಕಾ. ಬೇಳೆಕಾಳುಗಳ ದೊಡ್ಡ ಕುಟುಂಬಕ್ಕೆ ಸೇರಿದ ಇದು ನಮ್ಮ ಹುಣಸೆಮರಕ್ಕೆ ಹತ್ತಿರದ ಸಂಬಂಧಿ. ಕಲ್ಕತ್ತಾ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ 18ನೇ ಶತಮಾನದ ಕೊನೆಯಲ್ಲಿ ಸಂಸ್ಕೃತ ವಿದ್ವಾಂಸ ಸರ್ ವಿಲಿಯಂ ಜೋನ್ಸ್ ಅವರ ನೆನಪಿಗೆ ಇದನ್ನು 'ಜೋನೇಸಿಯಾ ಅಸೋಕಾ' ಎಂದು ಕರೆದಿದ್ದರು. ಹಳೆಯ ಪುಸ್ತಕಗಳಲ್ಲಿ 'ಸರಾಕಾ ಇಂಡಿಕಾ' ಎಂಬ ಹೆಸರು ಸಿಗುತ್ತದೆ. ಅದು ಆಗ್ನೇಯ ಏಷ್ಯಾದ ಬೇರೊಂದು ಜಾತಿಯ ಹೆಸರು.

ಕಂಬದಂತೆ ಬೆಳೆಯುವ ಮರ ಸೀತಾಫಲದ ಕುಟುಂಬದ್ದು. ಹಿಂದೆ ಪಾಲಿಯಾಲ್ತಿಯಾ ಲಾಂಗಿಫೋಲಿಯಾ ಎನ್ನುತ್ತಿದ್ದರು, ಈಗ ಮೊನೂನ್ ಲಾಂಗಿಫೋಲಿಯಂ ಎನ್ನುತ್ತಾರೆ. ಇದೂ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮರವೇ. ಬೇಗ ಬೆಳೆಯುತ್ತದೆ, ಜಾಗ ಕಡಿಮೆ ಸಾಕು. ಹಾಗಾಗಿ ಎಲ್ಲೆಡೆ ಹರಡಿತು. ಮರದಲ್ಲಿ ದೋಷವಿಲ್ಲ, ದೋಷವಿರುವುದು ಹೆಸರಿನಲ್ಲಿ.

ಗುರುತು ಹಿಡಿಯುವುದು ಹೇಗೆ?

ನರ್ಸರಿಯಲ್ಲಿ ಸಿಗುವ ಸಣ್ಣ ಗಿಡದಲ್ಲಿ ಹೂ ಇರುವುದಿಲ್ಲ, ಆದ್ದರಿಂದ ಎಲೆಯನ್ನೇ ನೋಡಬೇಕು. ಕಂಬದ ಮರದಲ್ಲಿ ಎಲೆಗಳು ರೆಂಬೆಯ ಮೇಲೆ ಒಂದೊಂದಾಗಿ ಬಿಡುತ್ತವೆ, ಅಂಚು ಅಲೆಅಲೆಯಾಗಿರುತ್ತದೆ. ಸೀತಾ ಅಶೋಕದಲ್ಲಿ ಒಂದೇ ಕಡ್ಡಿಯ ಎರಡು ಬದಿಗೆ ಜೋಡಿಜೋಡಿಯಾಗಿ ಎಲೆಗಳಿರುತ್ತವೆ, ಹೆಚ್ಚಾಗಿ 3ರಿಂದ 6 ಜೋಡಿ, ಅಂಚು ನಯ. ಹೊಸ ಚಿಗುರು ತಾಮ್ರದ ಬಣ್ಣಕ್ಕಿದ್ದು, ಬಾಡಿದಂತೆ ಮೆತ್ತಗೆ ಕೆಳಕ್ಕೆ ಜೋತುಬಿದ್ದಿರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ 'ತಾಮ್ರಪಲ್ಲವ' ಎಂಬ ಹೆಸರಿದೆ. ಗಿಡಕ್ಕೆ ನೀರಿಲ್ಲದೆ ಹೀಗಾಯಿತೆಂದು ಗಾಬರಿಪಡಬೇಕಾಗಿಲ್ಲ, ಕೆಲವು ದಿನಗಳಲ್ಲಿ ಎಲೆ ಹಸಿರಾಗಿ ಗಟ್ಟಿಯಾಗುತ್ತದೆ.

ಹೂವು ದೂರದಿಂದ ಕೇಪಳದ ದೊಡ್ಡ ಗೊಂಚಲಿನಂತೆ ಕಾಣುತ್ತದೆ. ವಿಶೇಷವೆಂದರೆ ಈ ಹೂವಿಗೆ ದಳಗಳೇ ಇಲ್ಲ. ದಳದಂತೆ ಕಾಣುವುದು ಬಣ್ಣ ಬಂದ ಪುಷ್ಪಪಾತ್ರೆ. ಅರಳಿದಾಗ ಕಿತ್ತಳೆ ಹಳದಿ, ಬಲಿತಂತೆ ಕಡುಕೆಂಪು. ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂವಿನ ಕಾಲ, ರಾತ್ರಿ ಹೊತ್ತು ಪರಿಮಳ ಹೆಚ್ಚು. ಆಗ ಜೇನು, ಚಿಟ್ಟೆ, ಸೂರಕ್ಕಿಗಳು ಬರುತ್ತವೆ.

ಯಾವ ಭಾಷೆಯಲ್ಲಿ ಏನೆಂದು ಕೇಳಬೇಕು?

ಗಡಿನಾಡಿನವರು ಗಿಡ ಕೊಳ್ಳುವ ನರ್ಸರಿಯವರು ಹೆಚ್ಚಾಗಿ ಬೇರೆ ಭಾಷೆಯವರು. ಕಂಬದ ಮರವನ್ನು ಮಲಯಾಳದಲ್ಲಿ ಅರಣಮರಂ, ತಮಿಳಿನಲ್ಲಿ ನೆಟ್ಟಿಲಿಂಗಂ, ತೆಲುಗಿನಲ್ಲಿ ನರಮಾಮಿಡಿ ಎನ್ನುತ್ತಾರೆ. ನಿಜವಾದದ್ದು ಮಲಯಾಳದಲ್ಲಿ ಅಶೋಕಂ, ಮರಾಠಿಯಲ್ಲಿ ಸೀತಾ ಅಶೋಕ. ಬರೀ 'ಅಶೋಕ' ಎಂದು ಕೇಳಿದರೆ ಯಾವ ಊರಿನಲ್ಲೂ ಕಂಬದ ಮರ ಕೈಗೆ ಬರುವ ಸಾಧ್ಯತೆ ಇದೆ. ಹಳದಿ ಹೂವಿನ ಅಶೋಕವೆಂದು ಮಾರುವ ಗಿಡ ಆಗ್ನೇಯ ಏಷ್ಯಾದ ಇನ್ನೊಂದು ಸರಾಕಾ. ಅಂದಕ್ಕೆ ಅದು ಅಡ್ಡಿಯಿಲ್ಲ, ಆದರೆ ನಮ್ಮ ಅಶೋಕವಲ್ಲ.

ಯಾವ ಊರಿಗೆ ಒಗ್ಗುತ್ತದೆ?

ಇದು ಮೂಲತಃ ತೋಡಿನ ಬದಿಯ, ದೊಡ್ಡ ಮರಗಳ ನೆರಳಿನ ಮರ. ಕಾಡಿನಲ್ಲಿ ಹೆಚ್ಚಾಗಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದೊಳಗೆ ಕಾಣುತ್ತದೆ. ಕಾಸರಗೋಡು, ಗೋವಾ, ವಯನಾಡಿನ ತಗ್ಗು ಪ್ರದೇಶಗಳಿಗೆ ಹೇಳಿ ಮಾಡಿಸಿದ್ದು. ಅಡಿಕೆ ತೋಟದ ಅಂಚು, ಬಾವಿಯ ಹತ್ತಿರದ ಜಾಗ ಒಳ್ಳೆಯದು. ಚಳಿಗಾಲದಲ್ಲಿ ಹಿಮ ಬೀಳುವ ಉದಕಮಂಡಲದಂಥ ಎತ್ತರದ ಊರಿಗೆ ಇದು ಸೂಕ್ತವಲ್ಲ.

ಆದವಾನಿ, ರಾಯದುರ್ಗ, ಜತ್ತ, ಅಕ್ಕಲಕೋಟೆಯ ಬಿಸಿಲು ನಾಡಿನಲ್ಲೂ ಬೆಳೆಸಬಹುದು, ಆದರೆ ಬೇಸಿಗೆಯಲ್ಲಿ ನೀರು ಮತ್ತು ನೆರಳು ಕೊಡಲೇಬೇಕು. ಮನೆಯ ಪೂರ್ವ ಅಥವಾ ಉತ್ತರ ದಿಕ್ಕಿನಲ್ಲಿ ನೆಟ್ಟರೆ ಮಧ್ಯಾಹ್ನದ ಬಿಸಿಲು ತಪ್ಪುತ್ತದೆ. ಎರೆ ಮಣ್ಣಿನಲ್ಲಿ ಮಳೆನೀರು ನಿಲ್ಲುವುದರಿಂದ ಮರಳು, ಗೊಬ್ಬರ ಬೆರೆಸಿ ನೆಲವನ್ನು ಸ್ವಲ್ಪ ಎತ್ತರಿಸಿ ನೆಡಬೇಕು.

ನೆಡುವ ಕ್ರಮ

ಕಾಯಿ ಚಪ್ಪಟೆಯಾಗಿ, ತೊಗಲಿನಂತೆ ಗಟ್ಟಿಯಾಗಿರುತ್ತದೆ. ಅದು ಕಪ್ಪಾಗಿ ಬಿರಿಯತೊಡಗಿದಾಗ ಬೀಜ ಆರಿಸಬೇಕು. ಬೀಜವನ್ನು ಬಹಳ ದಿನ ಇಟ್ಟರೆ ಮೊಳಕೆ ಶಕ್ತಿ ಹೋಗುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮರಳು-ಮಣ್ಣು-ಗೊಬ್ಬರ ತುಂಬಿದ ಚೀಲದಲ್ಲಿ ಬಿತ್ತಿ ನೆರಳಿನಲ್ಲಿಡಬೇಕು. ಸುಮಾರು 20 ದಿನಗಳಲ್ಲಿ ಮೊಳಕೆ ಬರುತ್ತದೆ. ಗೂಟಿ ಕಟ್ಟಿಯೂ ಗಿಡ ಮಾಡಬಹುದು.

ಮಳೆಗಾಲದ ಆರಂಭದಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಬೇಕು. ಗೆದ್ದಲಿನ ಕಾಟವಿದ್ದರೆ ಒಂದಿಷ್ಟು ಬೇವಿನ ಹಿಂಡಿ ಸೇರಿಸಬಹುದು. ಮರ ಸಾಮಾನ್ಯವಾಗಿ 6ರಿಂದ 9 ಮೀಟರ್ ಎತ್ತರಕ್ಕೆ ಬೆಳೆದು ಕೊಡೆಯಂತೆ ಹರಡುವುದರಿಂದ ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರವಿರಲಿ. ಬುಡಕ್ಕೆ ತರಗೆಲೆ ಹೊದಿಸಿ, ಮೊದಲ ಎರಡು ಮೂರು ಬೇಸಿಗೆ ತಪ್ಪದೆ ನೀರು ಹಾಕಬೇಕು.

ಬೀಜದ ಗಿಡ ಹೂ ಬಿಡಲು ಕೆಲವು ವರ್ಷ ಕಾಯಬೇಕು. ಹೂಗೊಂಚಲು ಬಲಿತ ಕೊಂಬೆಗಳಲ್ಲಿ, ಕೆಲವೊಮ್ಮೆ ಕಾಂಡದಲ್ಲೇ ಮೂಡುತ್ತದೆ. ಆದ್ದರಿಂದ ಹಳೆಯ ಕೊಂಬೆಗಳನ್ನು ಕಡಿದು ಮರವನ್ನು ಬೋಳು ಮಾಡಿದರೆ ಹೂವು ಕಡಿಮೆಯಾಗುತ್ತದೆ. ಒಣಗಿದ ರೆಂಬೆಗಳನ್ನಷ್ಟೇ ಹೂವಿನ ಕಾಲ ಮುಗಿದ ಮೇಲೆ ತೆಗೆಯಬೇಕು.

ತೊಗಟೆಗೆ ಬಂದ ಕುತ್ತು

ಅಶೋಕದ ತೊಗಟೆ ಅಶೋಕಾರಿಷ್ಟದ ಮುಖ್ಯ ವಸ್ತು. ಸ್ತ್ರೀಯರ ತೊಂದರೆಗಳಿಗೆ ಆಯುರ್ವೇದ ವೈದ್ಯರು ಇದನ್ನು ಬಳಸುತ್ತಾರೆ. ಬೇಡಿಕೆ ಹೆಚ್ಚಾದಂತೆ ಕಾಡಿನ ಮರಗಳ ತೊಗಟೆ ಸುಲಿಯುವುದೂ ಹೆಚ್ಚಾಯಿತು. ಕಾಂಡದ ಸುತ್ತಲೂ ತೊಗಟೆ ತೆಗೆದರೆ ಮರ ನಿಂತಲ್ಲೇ ಒಣಗುತ್ತದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 1998ರ ಮೌಲ್ಯಮಾಪನದಲ್ಲಿ ಇದನ್ನು ಅಪಾಯದಂಚಿನ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ನಿಜವಾದ ತೊಗಟೆ ಸಾಲದಾದಾಗ ಕಂಬದ ಮರದ ತೊಗಟೆಯನ್ನು ಅದಕ್ಕೆ ಬೆರೆಸಿ ಮಾರುವುದೂ ತಿಳಿದ ಸಂಗತಿ. ಹೆಸರಿನ ಗೊಂದಲ ಅಂಗಳದಿಂದ ಔಷಧದ ಬಾಟಲಿಯವರೆಗೂ ಮುಟ್ಟಿದೆ. ಹಾಗೆಂದು ಅಂಗಳದ ಮರದ ತೊಗಟೆ ಕೆತ್ತಿ ಮನೆಯಲ್ಲೇ ಮದ್ದು ಮಾಡುವುದು ಬೇಡ, ಅದಕ್ಕೆ ವೈದ್ಯರ ಸಲಹೆ ಅಗತ್ಯ.

ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ಸುಂದರಿಯ ಪಾದಸ್ಪರ್ಶದಿಂದ ಹೂ ಬಿಡುವ ಮರ ಇದು. ಮನ್ಮಥನ ಪಂಚಬಾಣಗಳಲ್ಲಿ ಒಂದು ಇದರ ಹೂವು. ಜೈನರು ತೀರ್ಥಂಕರರ ಎಂಟು ಮಹಾಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷವನ್ನು ಎಣಿಸುತ್ತಾರೆ. ಇಷ್ಟು ಹೆಸರುವಾಸಿಯಾದ ಮರವನ್ನು ಕಂಡು ಗುರುತಿಸುವವರು ಇಂದು ಕಡಿಮೆ. ಮನೆ, ಶಾಲೆ, ದೇವಸ್ಥಾನ, ಬಸದಿಗಳ ಅಂಗಳದಲ್ಲಿ ಒಂದೊಂದು ಸೀತಾ ಅಶೋಕ ನೆಟ್ಟು, ಪಕ್ಕದಲ್ಲಿ ಹೆಸರು ಬರೆದಿಟ್ಟರೆ ಮುಂದಿನ ಮಕ್ಕಳಿಗೆ ಈ ಗೊಂದಲ ಇರಲಾರದು. ಬೀಜಕ್ಕೂ ಕಾಡಿಗೆ ಹೋಗಬೇಕಾಗದು.